ಕೊರತೆ ವರ್ಷದಲ್ಲಿ ತುಂಗಭದ್ರಾ ಹಂಚಿಕೆ ಸಭೆಯಲ್ಲೇ ಮುಗಿಯುತ್ತದೆ, ಕಾವೇರಿ ಯಾಕೆ ಕೋರ್ಟಿನ ಮೆಟ್ಟಿಲೇರುತ್ತದೆ?

ಹಗರಿ ದಂಡೆ (ಪ್ರಶ್ನೆ)

ಎರಡೂ ಅಂತರರಾಜ್ಯ ನದಿಗಳು. ಎರಡಕ್ಕೂ ನ್ಯಾಯಮಂಡಳಿಯ ತೀರ್ಪು ಇದೆ. ಆದರೂ ಮುಂಗಾರು ಕೈಕೊಟ್ಟ ವರ್ಷ ಕಾವೇರಿ ವಿಷಯ ಮಂಡ್ಯದ ಹೆದ್ದಾರಿಯಿಂದ ಸುಪ್ರೀಂ ಕೋರ್ಟ್‌ವರೆಗೆ ಹೋಗುತ್ತದೆ. ತುಂಗಭದ್ರೆಯಲ್ಲಿ ಅದೇ ಕೊರತೆ ಬಂದರೆ ತುಂಗಭದ್ರಾ ಮಂಡಳಿ ಸಭೆ ಸೇರುತ್ತದೆ, ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳ ಪಾಲು ಇಳಿಯುತ್ತದೆ, ಗೊಣಗಾಟ ಇದ್ದರೂ ನೀರು ಹರಿಯುತ್ತದೆ.

ನನಗೆ ಬೇಕಿರುವುದು ರಾಜಕೀಯದ ಉತ್ತರವಲ್ಲ. ಮಂಡಳಿ ಪಾಲನ್ನು ನಿಜವಾಗಿ ಹೇಗೆ ಲೆಕ್ಕ ಹಾಕುತ್ತದೆ? ಗೇಟು ಯಾರ ಕೈಯಲ್ಲಿದೆ? ಇಷ್ಟು ವ್ಯವಸ್ಥೆ ಇದ್ದೂ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗಕ್ಕೆ ನೀರು ಯಾಕೆ ತಲುಪುವುದಿಲ್ಲ? ಇದೇ ಪದ್ಧತಿಯನ್ನು ಕಾವೇರಿಗೆ ಹಾಕಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಅಂಕಿಗಳೊಂದಿಗೆ ಹೇಳುವವರು ದಯವಿಟ್ಟು ಬರೆಯಿರಿ.

---

ಕಾಲುವೆ ಲೆಕ್ಕ

ಮೊದಲು ಮೂಲ ಅಂಕಿಗಳು. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ತುಂಗಭದ್ರಾ ಜಲಾಶಯದ ಲೆಕ್ಕದಲ್ಲಿ 230 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇಟ್ಟಿತು. ಅದರಲ್ಲಿ 18 ಟಿಎಂಸಿ ಆವಿಯ ನಷ್ಟ, ಬಳಕೆಗೆ ಉಳಿಯುವುದು 212. ಈ 212ರಲ್ಲಿ ಕರ್ನಾಟಕಕ್ಕೆ 138.99, ಅಂದಿನ ಆಂಧ್ರಕ್ಕೆ 73.01. ಆವಿಯ ನಷ್ಟವನ್ನೂ ಸೇರಿಸಿ ಹೇಳುವಾಗ ಕರ್ನಾಟಕ 151.49, ಆಂಧ್ರ 78.51 ಆಗುತ್ತದೆ. ಪತ್ರಿಕೆಗಳಲ್ಲಿ ಒಮ್ಮೆ 138.99, ಇನ್ನೊಮ್ಮೆ 151.49 ಕಾಣುವುದಕ್ಕೆ ಇದೇ ಕಾರಣ. ಎರಡೂ ಸರಿ.

ಆಂಧ್ರದ 73.01 ಒಡೆದರೆ: ಬಲದಂಡೆ ಮೇಲ್ಮಟ್ಟದ ಕಾಲುವೆಗೆ 32.5, ಕೆಳಮಟ್ಟದ ಕಾಲುವೆಗೆ 24, ಕರ್ನೂಲು–ಕಡಪ ಕಾಲುವೆಗೆ 10, ರಾಜೋಳಿಬಂಡಾ ಅಣೆಕಟ್ಟೆಯ ಕಾಲುವೆಗೆ 6.51. ಕೊನೆಯ 6.51 ಈಗ ತೆಲಂಗಾಣದ ಪಾಲು. ಕರ್ನಾಟಕದ ಪಾಲಿನಲ್ಲಿ ದೊಡ್ಡದು ಎಡದಂಡೆ ಮುಖ್ಯ ಕಾಲುವೆ, 92 ಟಿಎಂಸಿ. ಬಲದಂಡೆ ಕೆಳಮಟ್ಟಕ್ಕೆ 19, ಮೇಲ್ಮಟ್ಟಕ್ಕೆ 17.5. ರಾಯ, ಬಸವಣ್ಣ ಮತ್ತು ವಿಜಯನಗರ ಕಾಲದ ಇತರ ಕಾಲುವೆಗಳಿಗೂ ಪಾಲು ಇದೆ.

ಈಗ ನಿಮ್ಮ ಪ್ರಶ್ನೆಯ ತಿರುಳು. ನೀರಿನ ವರ್ಷ ಜೂನ್ 1ರಿಂದ ಮೇ 31. ಈ ವರ್ಷ ಬಳಕೆಗೆ ಒಟ್ಟು ಎಷ್ಟು ಸಿಗಬಹುದು ಎಂದು ಮಂಡಳಿ ಅಂದಾಜು ಮಾಡಿ, 'ವರ್ಕಿಂಗ್ ಟೇಬಲ್' ಎನ್ನುವ ಪಟ್ಟಿ ತಯಾರಿಸುತ್ತದೆ. ಅದರಲ್ಲಿ ಕಾಲುವೆವಾರು, ತಿಂಗಳುವಾರು ಪಾಲು ಇರುತ್ತದೆ. ಒಳಹರಿವು ಅಂದಾಜಿಗಿಂತ ಹೆಚ್ಚು ಅಥವಾ ಕಡಿಮೆ ಬಂದಂತೆ ಪಟ್ಟಿಯನ್ನು ತಿದ್ದುತ್ತಾರೆ.

ಒಂದು ಊಹೆಯ ವರ್ಷ ತೆಗೆದುಕೊಳ್ಳಿ, ಬಳಕೆಗೆ 160 ಟಿಎಂಸಿ ಮಾತ್ರ ಸಿಗುತ್ತದೆ ಎನ್ನೋಣ. 160ನ್ನು 212ರಿಂದ ಭಾಗಿಸಿದರೆ 0.7547. ಪ್ರತಿ ಕಾಲುವೆಯ ಪೂರ್ಣ ಪಾಲನ್ನೂ ಇದರಿಂದ ಗುಣಿಸಬೇಕು. ಎಡದಂಡೆಗೆ 92ರ ಬದಲು 69.43. ಆಂಧ್ರದ ಮೇಲ್ಮಟ್ಟದ ಕಾಲುವೆಗೆ 24.53, ಕೆಳಮಟ್ಟಕ್ಕೆ 18.11, ಕರ್ನೂಲು–ಕಡಪಕ್ಕೆ 7.55, ರಾಜೋಳಿಬಂಡಾಕ್ಕೆ 4.91. ಈ ನಾಲ್ಕನ್ನು ಕೂಡಿಸಿದರೆ 55.10. ಕರ್ನಾಟಕಕ್ಕೆ 104.90. ಎಲ್ಲರಿಗೂ ಶೇ 24.5 ಕಡಿತ, ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ.

ಜಗಳ ಕಡಿಮೆ ಆಗುವುದು ಇಲ್ಲಿಯೇ. ಅಂದಾಜು 160 ಆಗಬೇಕೋ 165 ಆಗಬೇಕೋ ಎಂಬ ವಾದ ಸಭೆಯಲ್ಲಿ ನಡೆಯುತ್ತದೆ. ಆದರೆ ಕೊರತೆಯನ್ನು ಹೇಗೆ ಹಂಚಬೇಕು ಎಂಬ ವಾದಕ್ಕೆ ಜಾಗವೇ ಇಲ್ಲ.

---

ಮುನಿರಾಬಾದ್ ತೂಬು

ಗೇಟು ಯಾರ ಕೈಯಲ್ಲಿ ಎಂಬುದಕ್ಕೆ ಉತ್ತರಿಸುತ್ತೇನೆ. ಅಣೆಕಟ್ಟು 1945ರಲ್ಲಿ ಶುರುವಾದಾಗ ಒಂದು ದಂಡೆ ಹೈದರಾಬಾದ್ ಸಂಸ್ಥಾನದ್ದು, ಇನ್ನೊಂದು ಮದ್ರಾಸಿನದ್ದು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆ ಕಾಯ್ದೆಯ ಅಡಿಯಲ್ಲೇ ರಾಷ್ಟ್ರಪತಿ ಆದೇಶದಿಂದ ತುಂಗಭದ್ರಾ ಮಂಡಳಿ ಬಂತು. ಅಧ್ಯಕ್ಷರನ್ನು ಕೇಂದ್ರ ನೇಮಿಸುತ್ತದೆ, ಸದಸ್ಯರು ರಾಜ್ಯಗಳಿಂದ ಮತ್ತು ಕೇಂದ್ರದಿಂದ. 2014ರ ನಂತರ ತೆಲಂಗಾಣವೂ ಸೇರಿದೆ. ಎಂಜಿನಿಯರುಗಳು ರಾಜ್ಯಗಳಿಂದ ನಿಯೋಜನೆ ಮೇಲೆ ಬಂದವರು, ಖರ್ಚನ್ನೂ ರಾಜ್ಯಗಳೇ ಹಂಚಿಕೊಳ್ಳುತ್ತವೆ.

ಕೋಡಿಯ 33 ಕ್ರಸ್ಟ್ ಗೇಟ್‌ಗಳು ಮತ್ತು ಎರಡೂ ರಾಜ್ಯಕ್ಕೆ ನೀರು ಕೊಡುವ ಬಲದಂಡೆ ಕಾಲುವೆಗಳು ಮಂಡಳಿಯ ಕೈಯಲ್ಲಿ. ಎಡದಂಡೆ ಪೂರ್ತಿ ಕರ್ನಾಟಕದ್ದು, ಮುನಿರಾಬಾದ್ ಕಡೆಯಿಂದ ನಡೆಯುತ್ತದೆ, ಬಿಟ್ಟ ನೀರು ಮಾತ್ರ ಮಂಡಳಿಯ ಲೆಕ್ಕಕ್ಕೆ ಸೇರುತ್ತದೆ. ರಾಜ್ಯಗಳು ಇಂಡೆಂಟ್ ಕೊಡುತ್ತವೆ, ಅಂದರೆ ಇಂಥ ದಿನದಿಂದ ಇಷ್ಟು ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಬೇಕು ಎಂಬ ಬೇಡಿಕೆ. ಮಂಡಳಿ ಅದನ್ನು ಉಳಿದ ಪಾಲಿಗೆ ಹೋಲಿಸಿ ಬಿಡುತ್ತದೆ. ಮೇಲ್ಮಟ್ಟದ ಕಾಲುವೆ ಸುಮಾರು 105 ಕಿ.ಮೀ. ಬಳಿ ಗಡಿ ದಾಟುತ್ತದೆ. ಕೆಳಮಟ್ಟದ್ದು ಸುತ್ತಿ ಬಳಸಿ ಸುಮಾರು 250 ಕಿ.ಮೀ. ಹೋದ ಮೇಲೆ ದಾಟುತ್ತದೆ. ಗಡಿಯಲ್ಲಿ ಎಷ್ಟು ಬಂತು ಎಂಬುದೇ ಆಂಧ್ರದ ತಕರಾರಿನ ಮುಖ್ಯ ವಿಷಯ, ಯಾಕೆಂದರೆ ಅಷ್ಟು ದೂರದಲ್ಲಿ ಸೋರಿಕೆಯೂ ಇದೆ, ದಂಡೆಗೆ ಹಾಕಿದ ಅಕ್ರಮ ಪಂಪ್‌ಸೆಟ್ಟುಗಳೂ ಇವೆ.

ಒಂದು ಮಾತು ಬಿಟ್ಟುಹೋಗಬಾರದು: ಮಂಡಳಿಯ ಜಂಟಿ ವಿದ್ಯುತ್ ಯೋಜನೆಯಲ್ಲಿ ಆಂಧ್ರಕ್ಕೆ ಶೇ 80, ಕರ್ನಾಟಕಕ್ಕೆ ಶೇ 20. ನೀರಿನಲ್ಲಿ ಒಬ್ಬರ ಕೈ ಮೇಲು, ವಿದ್ಯುತ್ತಿನಲ್ಲಿ ಇನ್ನೊಬ್ಬರದು. ಒಂದೇ ಮೇಜಿನ ಮೇಲೆ ಎರಡು ವಸ್ತು ಇದ್ದರೆ ಮಾತುಕತೆ ಮುರಿಯುವುದು ಕಷ್ಟ.

---

ಬಿಳಿಗುಂಡ್ಲು ಗೇಜ್

ಕಾವೇರಿ ಬಗ್ಗೆ. ಮೇಲಿನ ವಿವರಣೆ ಓದಿದ ಮೇಲೆ ವ್ಯತ್ಯಾಸ ಸುಲಭವಾಗಿ ಕಾಣುತ್ತದೆ.

ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು ಸಾಮಾನ್ಯ ವರ್ಷದ 740 ಟಿಎಂಸಿಯನ್ನು ಹಂಚಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ತಿದ್ದಿದ ಮೇಲೆ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7. ಕರ್ನಾಟಕಕ್ಕೆ ಹೆಚ್ಚಾದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, 10 ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದಿದ್ದರಿಂದ. ತಮಿಳುನಾಡಿನ ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಹರಿಯಬೇಕು.

ಇದನ್ನು ತಿಂಗಳಿಗೆ ಒಡೆದಿದ್ದಾರೆ. ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76, ಅಕ್ಟೋಬರ್ 20.22, ನವೆಂಬರ್ 13.78, ಡಿಸೆಂಬರ್ 7.35, ಜನವರಿ 2.76, ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ 2.5. ಮೊದಲ ನಾಲ್ಕು ತಿಂಗಳಲ್ಲೇ 123.14, ವರ್ಷದ ಸುಮಾರು ಶೇ 70. ಕೊಡಗು, ವಯನಾಡಿನಲ್ಲಿ ಮಳೆ ತಡವಾದರೆ ಇಡೀ ಪಟ್ಟಿ ಕೆಡುತ್ತದೆ.

ತುಂಗಭದ್ರೆಯ ಪಟ್ಟಿ ಜಲಾಶಯದಲ್ಲಿ ಇರುವ ನೀರಿನಿಂದ ಹುಟ್ಟುತ್ತದೆ. ಕಾವೇರಿಯ ಪಟ್ಟಿ ಸಾಮಾನ್ಯ ವರ್ಷದ ನಿಗದಿ ಅಂಕಿಯಿಂದ ಹುಟ್ಟುತ್ತದೆ. ಕೊರತೆಯಾದರೆ ಅದೇ ಅನುಪಾತದಲ್ಲಿ ಇಳಿಸಬೇಕು ಎಂದು ತೀರ್ಪು ಹೇಳುತ್ತದೆ, ಆದರೆ ಕೊರತೆಯನ್ನು ಯಾವ ದಿನಾಂಕಕ್ಕೆ, ಯಾವ ಜಲಾಶಯಗಳನ್ನು ಹಿಡಿದು, ಯಾವ ಸರಾಸರಿಗೆ ಹೋಲಿಸಿ ಅಳೆಯಬೇಕು ಎಂಬ ಸೂತ್ರಕ್ಕೆ ಎಲ್ಲರ ಒಪ್ಪಿಗೆ ಇಲ್ಲ. ರೂಢಿಯಲ್ಲಿರುವುದು ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ಈ ನಾಲ್ಕರ ಜೂನ್ 1ರಿಂದಿನ ಒಳಹರಿವನ್ನು ಹಿಂದಿನ 30 ವರ್ಷಗಳ ಸರಾಸರಿಗೆ ಹೋಲಿಸುವುದು. 2023ರಲ್ಲಿ ಆ ಕೊರತೆ ಅರ್ಧಕ್ಕೂ ಹೆಚ್ಚಿತ್ತು.

ಸೆಪ್ಟೆಂಬರ್ ತಿಂಗಳನ್ನೇ ನೋಡಿ. 36.76 ಟಿಎಂಸಿ ಎಂದರೆ ದಿನಕ್ಕೆ ಸುಮಾರು 14,180 ಕ್ಯುಸೆಕ್. ಕೊರತೆ ಶೇ 50 ಎಂದು ಹಿಡಿದರೆ 7,090. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರು ನಿಯಂತ್ರಣ ಸಮಿತಿ ಹೇಳಿದ್ದು 15 ದಿನ 5,000 ಕ್ಯುಸೆಕ್, ಅಂದರೆ 6.48 ಟಿಎಂಸಿ. ಆಮೇಲೆ 3,000ಕ್ಕೆ ಇಳಿಯಿತು. ಸಮಿತಿ ಬರೀ ಅನುಪಾತ ಹಚ್ಚಲಿಲ್ಲ, ಸಂಗ್ರಹ, ಕುಡಿಯುವ ನೀರು, ನಿಂತ ಬೆಳೆ ಎಲ್ಲವನ್ನೂ ತೂಗಿತು. ಆ ಕ್ಷಣಕ್ಕೆ ಅದು ಬೇಕಾದ ನಡೆಯೇ. ಆದರೆ ಹದಿನೈದು ದಿನಕ್ಕೊಮ್ಮೆ ಹೊಸದಾಗಿ ತೂಗುವುದೆಂದರೆ ಹದಿನೈದು ದಿನಕ್ಕೊಮ್ಮೆ ಹೊಸ ಜಗಳಕ್ಕೆ ಬಾಗಿಲು ತೆರೆದಂತೆ.

ಇನ್ನೊಂದು: ತಮಿಳುನಾಡಿಗೆ ಈಶಾನ್ಯ ಮಾರುತದ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಲ್ಲಿನ ಮೆಟ್ಟೂರು ಜಲಾಶಯದಿಂದ ನೀರು ಬಿಡುವ ವಾಡಿಕೆಯ ದಿನ ಜೂನ್ 12. ಆಗಸ್ಟ್‌ನಲ್ಲಿ ಕೊರತೆ ಅಳೆಯುವಾಗ ಮುಂದೆ ಬರಬಹುದಾದ ಆ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂಬಲ್ಲಿ ಎರಡೂ ಕಡೆಯವರ ಮಾತು ಕೂಡುವುದೇ ಇಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಮಟ್ಟಿಗೆ ಎಲ್ಲರೂ ಒಂದೇ ಜಲಾಶಯದ ನೀರಿಗೆ ಕಾಯುವವರು.

ಗೇಟಿನ ವಿಚಾರ: 2018ರ ಜೂನ್ 1ರ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಮತ್ತು ಅದರ ನಿಯಂತ್ರಣ ಸಮಿತಿ ಆದೇಶ ಕೊಡುತ್ತವೆ, ಗೇಟು ಎತ್ತುವವರು ರಾಜ್ಯದ ಎಂಜಿನಿಯರುಗಳು. ತುಂಗಭದ್ರಾ ಮಂಡಳಿ ಇರುವ ಹೊಸಪೇಟೆಯಲ್ಲಿ ಆದೇಶವೂ ಗೇಟೂ ಒಂದೇ ಕಚೇರಿಯಲ್ಲಿವೆ.

---

ಹಗರಿ ದಂಡೆ

ಧನ್ಯವಾದ. 0.7547ರ ಲೆಕ್ಕ ನೋಡಿ ತುಂಬ ಸ್ಪಷ್ಟವಾಯಿತು. ಎರಡು ಅನುಮಾನ. ಒಂದು, ಜಲಾಶಯದ ಒಳಹರಿವನ್ನು ಹೇಗೆ ಅಳೆಯುತ್ತಾರೆ? ಕೆಲವು ದಿನ ಬುಲೆಟಿನ್‌ನಲ್ಲಿ ಒಳಹರಿವು ಸೊನ್ನೆ, ಮರುದಿನ ಒಮ್ಮೆಗೇ ಸಾವಿರಾರು ಕ್ಯುಸೆಕ್ ತೋರಿಸುತ್ತದೆ. ಎರಡು, ಕೊನೆ ಭಾಗದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

---

ಕಾಲುವೆ ಲೆಕ್ಕ

ಒಳಹರಿವನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ತೆಗೆಯುತ್ತಾರೆ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಸಂಗ್ರಹದಲ್ಲಿ ಆದ ವ್ಯತ್ಯಾಸ, ಅದಕ್ಕೆ ಹೊರಬಿಟ್ಟ ನೀರು ಮತ್ತು ಆವಿ ಸೇರಿಸಿದರೆ ಒಳಹರಿವು. ತುಂಗಭದ್ರೆ ಹರವಾದ ಜಲಾಶಯ. ತುಂಬುವ ಹಂತದಲ್ಲಿ, 1633 ಅಡಿಯ ಹತ್ತಿರ, ಒಂದು ಅಡಿಗೆ ಸುಮಾರು 4 ಟಿಎಂಸಿ. ಅಂದರೆ ಮಟ್ಟ ಓದುವಾಗ 0.01 ಅಡಿ ಹೆಚ್ಚುಕಡಿಮೆಯಾದರೆ 0.04 ಟಿಎಂಸಿ, ದಿನದ ಲೆಕ್ಕದಲ್ಲಿ 460 ಕ್ಯುಸೆಕ್. ಜೋರು ಗಾಳಿ ಬೀಸಿ ನೀರು ಅಣೆಕಟ್ಟಿನ ಕಡೆ ಒತ್ತಿದರೆ 0.1 ಅಡಿ ತಪ್ಪುವುದು ದೊಡ್ಡದಲ್ಲ, ಆಗ 4,600 ಕ್ಯುಸೆಕ್ ಇಲ್ಲದ ನೀರು ಕಾಗದದ ಮೇಲೆ ಬರುತ್ತದೆ. ಮರುದಿನ ಅಷ್ಟೇ ಮಾಯವಾಗುತ್ತದೆ. ಅದಕ್ಕೇ ಒಂದು ದಿನದ ಒಳಹರಿವಿನ ಮೇಲೆ ಯಾರೂ ವಾದ ಮಾಡಬಾರದು, ಹತ್ತು ದಿನದ ಮೊತ್ತ ನೋಡಬೇಕು.

ಪರಿವರ್ತನೆ ನೆನಪಿಗೆ: ಒಂದು ಟಿಎಂಸಿ ಒಂದು ದಿನದಲ್ಲಿ ಹರಿಯಬೇಕಾದರೆ 11,574 ಕ್ಯುಸೆಕ್.

---

ಮೈಲ್ 104

ಕೊನೆ ಭಾಗದ ಪ್ರಶ್ನೆಗೆ ಮಂಡಳಿಯ ಹತ್ತಿರ ಉತ್ತರವಿಲ್ಲ, ಯಾಕೆಂದರೆ ಅದು ರಾಜ್ಯಗಳ ನಡುವಿನ ಹಂಚಿಕೆಯಲ್ಲ. ಎಡದಂಡೆ ಕಾಲುವೆ 227 ಕಿ.ಮೀ., ಎಲ್ಲವೂ ಕರ್ನಾಟಕದೊಳಗೆ. ತಲೆಯಲ್ಲಿ ಪಾಲು ಸರಿಯಾಗಿಯೇ ಬಿಡುಗಡೆಯಾಗುತ್ತದೆ. ಮುಂದೆ ಆಗುವುದು ಬೇರೆ.

ಈ ಕಾಲುವೆಯ ಅಚ್ಚುಕಟ್ಟಿನ ಬಹುಭಾಗವನ್ನು ಅರೆನೀರಾವರಿ, ಅಂದರೆ ಕಡಿಮೆ ನೀರಿನ ಬೆಳೆಗೆ ಎಂದು ಯೋಜಿಸಿದ್ದು. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಭತ್ತವೇ ಬೆಳೆ. ಕಾಲುವೆ ತಲೆಯಿಂದ ಹೊಲದವರೆಗಿನ ನಷ್ಟ ಬಿಟ್ಟು ಲೆಕ್ಕ ಮಾಡಿ. ಒಂದು ಟಿಎಂಸಿ ಎಂದರೆ ಸುಮಾರು 22,950 ಎಕರೆಗೆ ಒಂದಡಿ ನೀರು. ಭತ್ತಕ್ಕೆ ಬೆಳೆಯುದ್ದಕ್ಕೂ ನಾಲ್ಕಡಿ ಹಿಡಿದರೆ ಒಂದು ಟಿಎಂಸಿಗೆ 5,700 ಎಕರೆ, ಎರಡಡಿ ಸಾಕಾಗುವ ಬೆಳೆಗೆ 11,400 ಎಕರೆ. ಮೇಲೆ ಒಂದು ಎಕರೆ ಅನಧಿಕೃತ ಭತ್ತ ಹೆಚ್ಚಾದರೆ ಕೆಳಗೆ ಎರಡು ಎಕರೆ ಜೋಳ, ಹತ್ತಿ, ಶೇಂಗಾದ ನೀರು ಹೋಯಿತು. ಭತ್ತ ಬೆಳೆಯುವವರನ್ನು ಬೈದು ಪ್ರಯೋಜನವಿಲ್ಲ. ದಶಕಗಳಿಂದ ನೀರು ನಿಂತ ಗದ್ದೆಯಲ್ಲಿ ಬೇರೆ ಬೆಳೆ ಬರುವುದೂ ಕಷ್ಟ, ಖರೀದಿಯೂ ಭತ್ತಕ್ಕೇ ಗಟ್ಟಿ. ಆದರೆ ಲೆಕ್ಕ ಬದಲಾಗುವುದಿಲ್ಲ.

ಎರಡನೆಯದು ಗೇಜಿನ ಮೋಸ. ಮೈಲ್ 69, ಮೈಲ್ 104ರಲ್ಲಿ ಇಷ್ಟು ಅಡಿ ಗೇಜ್ ಕಾಯ್ದುಕೊಳ್ಳಬೇಕು ಎಂದು ಪ್ರತಿ ವರ್ಷ ಸಭೆಗಳಲ್ಲಿ ತೀರ್ಮಾನವಾಗುತ್ತದೆ. ಗೇಜ್ ತೋರಿಸುವುದು ನೀರಿನ ಎತ್ತರವನ್ನು, ಹರಿವನ್ನಲ್ಲ. ಕಾಲುವೆಯಲ್ಲಿ ಹೂಳು ತುಂಬಿ ಜಂಬು ಹುಲ್ಲು ಬೆಳೆದರೆ ನೀರು ನಿಧಾನವಾಗಿ ಹರಿದು, ಅದೇ ಎತ್ತರಕ್ಕೆ ಕಡಿಮೆ ಕ್ಯುಸೆಕ್ ಸಾಗುತ್ತದೆ. ಗೇಜಿನ ಕೆಳಗೆ ಇರುವ ಅಡ್ಡಗೇಟನ್ನು ಸ್ವಲ್ಪ ಇಳಿಸಿದರೂ ನೀರು ಹಿಂದಕ್ಕೆ ತುಂಬಿ ಗೇಜ್ ಏರುತ್ತದೆ, ಮುಂದಕ್ಕೆ ಹರಿವು ಇಳಿದಿರುತ್ತದೆ. ಗೇಜ್ 6 ಅಡಿ ಇದೆ ಎಂದು ವರದಿ, ಕೆಳಗೆ ಉಪಕಾಲುವೆ ಒಣ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪರಿಹಾರ: ಹಂಗಾಮಿಗೆ ಕನಿಷ್ಠ ಎರಡು ಸಲ, ನೀರು ಬಿಟ್ಟ ಎರಡನೇ ವಾರ ಒಮ್ಮೆ, ಜಂಬು ಬೆಳೆದ ಮೇಲೆ ಇನ್ನೊಮ್ಮೆ, ಹರಿವಿನ ವೇಗ ಅಳೆಯುವ ಕರೆಂಟ್ ಮೀಟರ್ ಇಳಿಸಿ, ಯಾವ ಗೇಜಿಗೆ ಎಷ್ಟು ಹರಿವು ಎಂಬ ಪಟ್ಟಿಯನ್ನು ತಿದ್ದಬೇಕು. ಅಳೆಯುವಾಗ ಮೇಲಿನವರೂ ಕೆಳಗಿನವರೂ ಹಾಜರಿರಬೇಕು. ಅಡ್ಡಗೇಟು ಎಷ್ಟು ಎತ್ತಿದೆ ಎಂಬುದನ್ನು ಗೇಜಿನ ಜೊತೆಯಲ್ಲೇ ಬರೆಯಬೇಕು, ಇಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ವಾರಾಬಂದಿ, ಅಂದರೆ ಸರದಿ ಮೇಲೆ ನೀರು ಬಿಡುವ ಪದ್ಧತಿ, ಹಾಕುವಾಗಲೂ ಒಂದು ತಪ್ಪು ಪದೇ ಪದೇ ಆಗುತ್ತದೆ. ಎಲ್ಲ ಉಪಕಾಲುವೆಗಳನ್ನು ಅರ್ಧರ್ಧ ತೆರೆದು 'ಎಲ್ಲರಿಗೂ ಸ್ವಲ್ಪ' ಎನ್ನುತ್ತಾರೆ. ಅರ್ಧ ಹರಿವಿನಲ್ಲಿ ತೂಬುಗಳಿಗೆ ನೀರೇರುವುದಿಲ್ಲ, ದಾರಿಯಲ್ಲಿ ಇಂಗುವ ಪ್ರಮಾಣ ಮಾತ್ರ ಅಷ್ಟೇ ಇರುತ್ತದೆ. ಒಂದು ಗುಂಪನ್ನು ಪೂರ್ಣ ತೆರೆದು ಇನ್ನೊಂದನ್ನು ಪೂರ್ಣ ಮುಚ್ಚಬೇಕು, ಸರದಿಯನ್ನು ಕೊನೆಯಿಂದ ಮೇಲಕ್ಕೆ ತರಬೇಕು.

---

ಮುನಿರಾಬಾದ್ ತೂಬು

ಮೈಲ್ 104 ಅವರ ಮಾತು ನೂರಕ್ಕೆ ನೂರು ನಿಜ. ತುಂಗಭದ್ರೆಯನ್ನು ಮಾದರಿ ಎಂದು ಹೊಗಳುವವರು ಅದರ ಬಿರುಕುಗಳನ್ನೂ ನೋಡಬೇಕು, ಇಲ್ಲದಿದ್ದರೆ ಕಾವೇರಿಗೆ ಅದನ್ನೇ ಕೊಂಡೊಯ್ದು ಅದೇ ಬಿರುಕನ್ನೂ ಒಯ್ಯುತ್ತೇವೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ಆಗ ಬಹುತೇಕ ತುಂಬಿತ್ತು. ಗೇಟಿನ ಅಳತೆ 60 ಅಡಿ ಅಗಲ, 20 ಅಡಿ ಎತ್ತರ, ಅಂದರೆ ಕೋಡಿಯ ಮಟ್ಟ 1613 ಅಡಿ. ಒಂದು ಗೇಟಿಲ್ಲದಿದ್ದರೆ ಮೇಲಿನ ಇಪ್ಪತ್ತಡಿಯ ನೀರಿಗೆ ತಡೆಯೇ ಇಲ್ಲ. ಉಳಿದ ಗೇಟುಗಳ ಮೇಲೆ ಒತ್ತಡ ಇಳಿಸಲು ಅವನ್ನೂ ತೆರೆದು ನೀರು ಹೊರಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಫಲಕಗಳಾದ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಮುಚ್ಚಿದರು, ಅದು ಅಸಾಮಾನ್ಯ ಕೆಲಸ. ಪುಣ್ಯಕ್ಕೆ ಮುಂದೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಆದರೆ 2025ರ ಮುಂಗಾರಿನಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೇ ನಿಲ್ಲಿಸಬೇಕಾಯಿತು. ಜಂಟಿ ಆಸ್ತಿ ಎಂದರೆ ದುರಸ್ತಿಯ ದುಡ್ಡಿಗೆ, ಒಪ್ಪಿಗೆಗೆ ಎಲ್ಲರ ಸಹಿ ಬೇಕು. ಆದ್ದರಿಂದ ಅಂಥ ಮಂಡಳಿ ಕಟ್ಟುವಾಗ ಗೇಟು, ಸರಪಳಿ, ಸ್ಟಾಪ್‌ಲಾಗ್‌ಗಳ ನಿರ್ವಹಣಾ ನಿಧಿಯನ್ನು ವಾರ್ಷಿಕ ಮಂಜೂರಾತಿಗೆ ಬಿಡದೆ ಪ್ರತ್ಯೇಕವಾಗಿ ಇಡಬೇಕು, ಬಿಡಿ ಸ್ಟಾಪ್‌ಲಾಗ್ ಅಣೆಕಟ್ಟಿನ ಬಳಿಯೇ ಸಿದ್ಧವಾಗಿರಬೇಕು.

ಹೂಳು ಇನ್ನೊಂದು. ಕಟ್ಟಿದಾಗಿನ ಲೆಕ್ಕ 132.47 ಟಿಎಂಸಿ. 2008ರ ಸಮೀಕ್ಷೆಯಲ್ಲಿ 100.855, 2016ರಲ್ಲಿ 105.788. ಎಂಟು ವರ್ಷದಲ್ಲಿ ಹೂಳು ಕರಗಿತೇ ಎಂದು ಕೇಳುತ್ತಾರೆ. ಇಲ್ಲ, ಅಳತೆ ಬದಲಾಗಿದೆ. ಕಳೆದುಕೊಂಡದ್ದು ಸುಮಾರು 27 ಟಿಎಂಸಿ. ಅದಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಕರ್ನಾಟಕದ ಪ್ರಸ್ತಾವಕ್ಕೆ ಉಳಿದ ಎರಡು ರಾಜ್ಯಗಳ ಒಪ್ಪಿಗೆ ಬೇಕು. ಪ್ರವಾಹದ ದಿನಗಳಲ್ಲಿ ಕೋಡಿ ಹರಿದು ಹೋಗುವ ನೀರನ್ನು ಅಲ್ಲಿ ಹಿಡಿದರೆ ಅದು ಯಾರ ಖಾತೆಗೆ ಎಂಬುದನ್ನು ಮೊದಲು ಬರೆದುಕೊಂಡರೆ ಮಾತ್ರ ಈ ಕಡತ ಮುಂದೆ ಹೋಗುತ್ತದೆ.

ಮಂಡಳಿಯ ಕೈ ಅಣೆಕಟ್ಟಿನಿಂದ ಮೇಲಕ್ಕೂ ಚಾಚುವುದಿಲ್ಲ. ಮೇಲೆ ಕರ್ನಾಟಕ ಕೈಗೊಂಡ ಭದ್ರಾ ಮೇಲ್ದಂಡೆ ಯೋಜನೆಯ 29.9 ಟಿಎಂಸಿಗೆ ಆಂಧ್ರ ಆಕ್ಷೇಪ ಎತ್ತಿರುವುದು ಈ ಕಾರಣಕ್ಕೇ. ಕೆಳಗೆ ರಾಜೋಳಿಬಂಡಾ ನೋಡಿ: ಅಣೆಕಟ್ಟೆ ರಾಯಚೂರು ಜಿಲ್ಲೆಯಲ್ಲಿ, ಕಾಲುವೆಯ ಮೊದಲ ನಲವತ್ತು ಕಿ.ಮೀ. ಕರ್ನಾಟಕದಲ್ಲಿ, ನೀರಿನ ಬಹುಪಾಲು ತೆಲಂಗಾಣಕ್ಕೆ, ಆಕ್ಷೇಪ ಎದುರು ದಂಡೆಯ ಆಂಧ್ರದಿಂದ. ಅಣೆಕಟ್ಟೆಯ ಆಧುನೀಕರಣ ವರ್ಷಗಟ್ಟಲೆ ನಿಂತಿದೆ.

---

ಬಿಳಿಗುಂಡ್ಲು ಗೇಜ್

ಕಾವೇರಿಗೆ ತುಂಗಭದ್ರಾ ಪದ್ಧತಿಯನ್ನು ಇದ್ದಂತೆ ಹಚ್ಚಲಾಗದು. ಅಲ್ಲಿ ಹಂಚುವುದು ಒಂದೇ ಜಲಾಶಯ, ಇಲ್ಲಿ ಕರ್ನಾಟಕದ ನಾಲ್ಕೇ ಸೇರಿ ಸುಮಾರು 114.57 ಟಿಎಂಸಿ, ಮೆಟ್ಟೂರು ಒಂದೇ 93.47. ಜೊತೆಗೆ ಕೆಆರ್‌ಎಸ್, ಕಬಿನಿ ಕೆಳಗಿನಿಂದ ಬಿಳಿಗುಂಡ್ಲುವರೆಗೆ ಯಾವ ಗೇಟಿನ ಹಿಡಿತಕ್ಕೂ ಸಿಗದ ಮಳೆನೀರು ನದಿಗೆ ಸೇರುತ್ತದೆ.

ಆದರೆ ಎರಡು ಅಂಶ ಒಯ್ಯಬಹುದು. ಮೊದಲನೆಯದು, ಕೊರತೆಯ ಸೂತ್ರವನ್ನು ಮಳೆ ಚೆನ್ನಾಗಿರುವ ವರ್ಷದಲ್ಲೇ ಬರೆದು ಸಹಿ ಹಾಕುವುದು. ಹತ್ತು ದಿನಕ್ಕೊಮ್ಮೆ ನಾಲ್ಕು ಜಲಾಶಯಗಳ ಒಟ್ಟು ಒಳಹರಿವು ತೆಗೆದು, ಸರಾಸರಿಗೆ ಹೋಲಿಸಿ, ಮುಂದಿನ ಹತ್ತು ದಿನದ ಬಿಡುಗಡೆಯನ್ನು ಅದೇ ಅನುಪಾತದಲ್ಲಿ ನಿಗದಿ ಮಾಡುವುದು. ಕುಡಿಯುವ ನೀರನ್ನು ಮೊದಲು ತೆಗೆದಿಡುವುದು. ಈಶಾನ್ಯ ಮಳೆ ಚೆನ್ನಾಗಿ ಬಂದರೆ ಡಿಸೆಂಬರ್ ಕೊನೆಗೆ ಒಮ್ಮೆ ಲೆಕ್ಕ ಚುಕ್ತಾ ಮಾಡಿ, ಮೇಲಿನವರು ಮೊದಲು ಕೊಟ್ಟ ಹೆಚ್ಚುವರಿಯನ್ನು ಬೇಸಿಗೆ ತಿಂಗಳ 2.5ಗಳಲ್ಲಿ ಕಳೆಯುವುದು. ನಾಲ್ಕು ತಿಂಗಳಿಗೆ ಒಟ್ಟು 10 ಟಿಎಂಸಿ ಮಾತ್ರ, ದೊಡ್ಡದಲ್ಲ, ಆದರೆ ಆಗಸ್ಟ್‌ನಲ್ಲಿ ಕೊಡುವವರಿಗೆ ಅದೊಂದು ಆಧಾರ.

ಎರಡನೆಯದು, ಜಂಟಿ ಅಳತೆ. ಬಿಳಿಗುಂಡ್ಲುವಿನಲ್ಲಿ ಅಳೆಯುವುದು ಕೇಂದ್ರ ಜಲ ಆಯೋಗ, ಆ ಅಂಕಿಯ ಮೇಲೆ ವಾದ ಕಡಿಮೆ. ಅದೇ ನಂಬಿಕೆ ಜಲಾಶಯಗಳ ಒಳಹರಿವಿಗೂ, ಎರಡೂ ರಾಜ್ಯಗಳ ಕಾಲುವೆಗೆ ಬಿಟ್ಟ ನೀರಿಗೂ ಬರಬೇಕು. ಕಾಲುವೆ ಲೆಕ್ಕ ಅವರು ಹೇಳಿದ 0.01 ಅಡಿಯ ವಿಷಯ ಕೆಆರ್‌ಎಸ್‌ಗೂ ಮೆಟ್ಟೂರಿಗೂ ಅನ್ವಯ, ಆದ್ದರಿಂದ ಎರಡೂ ಕಡೆ ಸ್ವಯಂಚಾಲಿತ ಮಟ್ಟಮಾಪಕ ಕೂರಿಸಿ, ಗಂಟೆಗೊಂದು ಓದಿನ ಸರಾಸರಿಯನ್ನು ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ ನಾಲ್ಕೂ ಕಡೆಯ ಎಂಜಿನಿಯರುಗಳು ಒಂದೇ ಪರದೆಯ ಮೇಲೆ ನೋಡುವಂತಿರಬೇಕು. ಗೇಟು ರಾಜ್ಯದ ಕೈಯಲ್ಲೇ ಇರಲಿ, ಅದು ಎಷ್ಟು ಎತ್ತಿದೆ ಎಂಬುದು ಎಲ್ಲರಿಗೂ ಕಾಣಲಿ.